ಹುಳು ಮನೆಯಲ್ಲಿ ಪಿಸುಮಾತು

ಹಾಸಿಗೆ ಖಾಲಿ ಇತ್ತು. ಭಾನುವಾರ ಬೆಳಿಗ್ಗೆ ಮೊಮ್ಮಗಳು ಹರ್ಷಿತಳನ್ನು ಎಬ್ಬಿಸಲು ಬಂದ ಪಿಳ್ಳಣ್ಣ ಹಿತ್ತಲು, ಕೊಟ್ಟಿಗೆ, ತಾರಸಿ ಎಲ್ಲ ಹುಡುಕಿ, ಕೊನೆಗೆ ರೇಷ್ಮೆ ಹುಳು ಸಾಕುವ ಮನೆಯ ಬಾಗಿಲು ತಳ್ಳಿದ. ಹುಳುವಿನ ತಟ್ಟೆಗಳ ಸ್ಟ್ಯಾಂಡಿನ ಪಕ್ಕ ಗೋಣಿತಾಟು ಹಾಸಿಕೊಂಡು ಹುಡುಗಿ ಮಲಗಿದ್ದಳು.

ಪಿಳ್ಳಣ್ಣನ ಬಾಯಿಗೆ ಬಂದ ಬೈಗುಳ ಅಲ್ಲೇ ನಿಂತಿತು. ಹುಳುಗಳು ನಿನ್ನೆಯಿಂದ ಮೂರನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಆ ಹೊತ್ತಿನಲ್ಲಿ ಅವು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತವೆ. ಆಗ ಅಲ್ಲಿ ಯಾರೂ ಗಟ್ಟಿಯಾಗಿ ಉಸಿರೂ ಬಿಡಕೂಡದು. ಕಾನೂನು ಪಿಳ್ಳಣ್ಣನದೇ. ಅವರ ಊರು ಆವತಿಯ ಮೇಲೆ ಹಾರುವ ವಿಮಾನಗಳು ಮಾತ್ರ ಅದಕ್ಕೆ ಸೊಪ್ಪು ಹಾಕಿರಲಿಲ್ಲ.

ಬಗ್ಗಿ, ಅವಳ ಕಿವಿಯ ಹತ್ತಿರ ಪಿಸುದನಿಯಲ್ಲೇ ಗದರಿದ. "ಏಳೇ. ಮೇಷ್ಟ್ರು ಬರೋ ಹೊತ್ತಾಯ್ತು."

"ಕಾಲು ತೊಳ್ಕೊಂಡೇ ಬಂದಿದ್ದೀನಿ ತಾತ. ಇಲ್ಲಾದ್ರೆ ನೀನು ಬೈಯೋಕಾಗಲ್ಲ ಅಂತ ಬಂದ್ಬಿಟ್ಟೆ," ಅವಳೂ ಪಿಸುಗುಟ್ಟಿದಳು.

ಹದಿನೇಳರ ಹುಡುಗಿಗೆ ಒಂದು ವರ್ಷದಿಂದ ಸುಸ್ತು. ಎಷ್ಟು ಮಲಗಿದರೂ ಹೋಗದ, ಯಾವ ರಕ್ತಪರೀಕ್ಷೆಗೂ ಸಿಗದ ಸುಸ್ತು. ಇದೂ ಕಾಯಿಲೆಯೇ, ಮೈ ಒಪ್ಪುವಷ್ಟೇ ಕೆಲಸ ಮಾಡಲಿ ಎಂದರು ಡಾಕ್ಟರು. ಪಿಳ್ಳಣ್ಣ ಮಾತ್ರ ಅದಕ್ಕೆ ಸೋಮಾರಿತನ ಎಂದು ಹೆಸರಿಟ್ಟು, ನಿವೃತ್ತ ಡ್ರಿಲ್ ಮೇಷ್ಟ್ರು ಅಪ್ಪಯ್ಯಣ್ಣನವರನ್ನು ಕರೆಸಿದ. ಹೋದ ಭಾನುವಾರ ಅವರು ಸೀಟಿ ಊದಿ ಊದಿ ಕೆರೆ ಏರಿಯ ಮೇಲೆ ಓಡಿಸಿದ್ದರು. ಆಮೇಲೆ ಐದು ದಿನ ಅವಳಿಗೆ ಬಾಚಣಿಗೆ ಹಿಡಿಯಲೂ ಆಗಿರಲಿಲ್ಲ.

"ನಾಳೆ ಕೆಮಿಸ್ಟ್ರಿ ಪ್ರಾಕ್ಟಿಕಲ್. ಇವತ್ತು ಓಡಿದ್ರೆ ನಾಳೆ ನಿಲ್ಲೋಕೂ ಆಗಲ್ಲ. ಒಂದು ವರ್ಷ ಹೋಗ್ಬಿಡುತ್ತೆ ತಾತ."

"ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ."

"ಇವೂ ನಿನ್ನೆಯಿಂದ ಕುಣೀತಿಲ್ಲ. ಇವ್ಕೂ ಒಂದ್ ಗಾದೆ ಹೇಳು."

ಪಿಳ್ಳಣ್ಣನಿಗೆ ನಗು ಬಂತು, ಸಿಟ್ಟೂ ಬಂತು. ಎರಡನ್ನೂ ಜೋರಾಗಿ ಮಾಡುವ ಹಾಗಿರಲಿಲ್ಲ. ರಟ್ಟೆ ಹಿಡಿದು ಎಳೆದ. ಅವಳು ಎದುರಾಡದೆ ಏಳಲು ನೋಡಿದಳು. ಸ್ಟ್ಯಾಂಡು ಹಿಡಿದು ಅರ್ಧ ಏಳುವಷ್ಟರಲ್ಲಿ ಮೈ ವಾಲಿತು. ತಟ್ಟೆ ಅಲ್ಲಾಡೀತೆಂದು ಕೈಬಿಟ್ಟು, ಕುಸಿದು ಕೂತು ಕಣ್ಣು ಮುಚ್ಚಿದಳು. ಸಾವಿರ ಹುಳುವಿನಲ್ಲಿ ಒಂದು ಸೊಪ್ಪು ಬಿಟ್ಟರೂ ಗುರುತಿಸುವ ಮುದುಕ, ಮೊಮ್ಮಗಳ ಮುಖವನ್ನು ಇಷ್ಟು ಹತ್ತಿರದಿಂದ ನೋಡಿ ವರ್ಷವಾಗಿತ್ತು. ಅವನಿಗೆ ನಾಚಿಕೆಯಾಯಿತು. ತನ್ನ ಹೆಗಲ ಟವೆಲನ್ನು ಮಡಿಸಿ ಅವಳ ತಲೆಯಡಿಗೆ ಇಟ್ಟ.

ಅಂಗಳದಲ್ಲಿ ಸೀಟಿ ಕೂಗಿತು. ಪಿಳ್ಳಣ್ಣ ಹೊರಗೆ ಬಂದು ಬಾಗಿಲೆಳೆದುಕೊಂಡು ತುಟಿಯ ಮೇಲೆ ಬೆರಳಿಟ್ಟ.

"ಮೆಲ್ಲಗೆ ಮೇಷ್ಟ್ರೇ. ಜ್ವರಕ್ಕೆ ಕೂತವೆ."

"ಹುಳ ಇರ್ಲಿ ಪಿಳ್ಳಣ್ಣ, ಹುಡುಗಿ ಎಲ್ಲಿ?" ಅವನನ್ನು ನೋಡಿ ಮೇಷ್ಟ್ರೂ ದನಿ ತಗ್ಗಿಸಿದರು.

"ಅವುಗಳ ಜೊತೇಲೇ ಅವ್ಳೆ."

"ಸರಿ, ಎಬ್ಬಿಸು ಮತ್ತೆ."

"ನಲವತ್ತು ವರ್ಷದಿಂದ ಹುಳ ಸಾಕ್ತಿದ್ದೀನಿ," ಎಂದ ಪಿಳ್ಳಣ್ಣ. "ಜ್ವರಕ್ಕೆ ಕೂತಿದ್ದನ್ನ ಒಂದು ದಿನಾನೂ ಎಬ್ಬಿಸಿದೋನಲ್ಲ. ಹೋದ್ ಭಾನುವಾರ ಒಂದೇ ಒಂದ್ಸಲ ತಪ್ಪಿದ್ದು."