ಎಂಟಕ್ಕೂ ಒಂಬತ್ತಕ್ಕೂ ನಡುವೆ

ಲಿಫ್ಟು ಎಂಟನೇ ಮಹಡಿ ದಾಟಿ, ಒಂಬತ್ತು ಮುಟ್ಟುವ ಮೊದಲೇ ನಿಂತಿತು. ನಿಲ್ಲಿಸಿದವನು ಲಿಫ್ಟ್ ಮೆಕ್ಯಾನಿಕ್. ಕಟ್ಟಡದ ತುದಿಯ ಮೋಟಾರು ಕೋಣೆಯಲ್ಲಿ ಉಪಕರಣಗಳ ಪೆಟ್ಟಿಗೆಯ ಮೇಲೆ ಕೂತು, ಲಿಫ್ಟಿನ ಒಳಗಿನ ದೃಶ್ಯವನ್ನು ಮೊಬೈಲಿನಲ್ಲಿ ನೋಡುತ್ತಿದ್ದ. ಲಿಫ್ಟಿನ ದೀಪದ ಪಕ್ಕ ಹೆಂಡತಿಯ ಹಳೆಯ ಫೋನನ್ನು ಅಡಗಿಸಿಟ್ಟಿದ್ದ. ಅದೇ ಅವನ ಕ್ಯಾಮೆರಾ.

ಒಳಗೆ ಸಿಕ್ಕಿಕೊಂಡವನು ಅದೇ ಕಟ್ಟಡದ ಪ್ಲಂಬರ್, ಇಪ್ಪತ್ತು ವರ್ಷದ ಗೆಳೆಯ. ಪೈಪು, ಸ್ಪ್ಯಾನರುಗಳ ಚೀಲ ಹೊತ್ತೂ ಹೊತ್ತೂ ಅವನ ಬಲ ಹೆಗಲು ಇಳಿದುಬಿಟ್ಟಿತ್ತು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ತಕ್ಕಡಿ. ಯಾವ ಶರ್ಟು ಹಾಕಿದರೂ ಒಂದು ಕಡೆ ಜೋತುಬೀಳುತ್ತಿತ್ತು. ಇವತ್ತು ಮಾತ್ರ ಹೊಸ ನೀಲಿ ಶರ್ಟಿನಲ್ಲಿ ಮದುಮಗನ ಹಾಗೆ ಒಪ್ಪವಾಗಿ ನಿಂತಿದ್ದ. ಸಿನಿಮಾಕ್ಕೆ ಒಳ್ಳೆಯದೇ ಆಯಿತು ಎಂದುಕೊಂಡ ಮೆಕ್ಯಾನಿಕ್.

ಸಿನಿಮಾ ಎಂದರೆ ಐದು ನಿಮಿಷದ ಕಿರುಚಿತ್ರ. ಸಿಬ್ಬಂದಿ ದಿನಾಚರಣೆಗೆ ಸ್ಪರ್ಧೆ ಇಟ್ಟಿದ್ದರು. ನಗಿಸಬೇಕು, ಅಷ್ಟೇ. ಗೆಳೆಯನನ್ನು ಹೆದರಿಸಿ ನಗಿಸುವ ಈ ಉಪಾಯವನ್ನು ಕಟ್ಟಡದಲ್ಲಿ ಒಂದು ನರಪಿಳ್ಳೆಗೂ ಅವನು ಹೇಳಿರಲಿಲ್ಲ. ಫೋನು ಬೇಕಾಗಿದ್ದರಿಂದ ಮೊನ್ನೆ ಸಂಜೆ ಹೆಂಡತಿಗೆ ಹೇಳಬೇಕಾಯಿತು. ಅವಳು ಹೊಲಿಗೆ ಯಂತ್ರದಿಂದ ತಲೆಯನ್ನೂ ಎತ್ತದೆ, "ಆ ಮನುಷ್ಯನ್ನ ಅಲ್ಲೇ ಬಿಟ್ಟು ಬನ್ನಿ, ಪುಣ್ಯ ಬರುತ್ತೆ" ಎಂದಿದ್ದಳು.

ಅವಳ ಸಿಟ್ಟಿಗೆ ಕಾರಣವಿತ್ತು. ಮೂರು ವರ್ಷದ ಹಿಂದೆ ತಕ್ಕಡಿ ಅವರ ಮನೆಯ ನಲ್ಲಿ ರಿಪೇರಿಗೆ ಬಂದು, ಗಿರಾಕಿಗಳ ಬಟ್ಟೆಯ ಮೇಲೆಲ್ಲ ನೀರು ಹರಿಸಿದ್ದ. ಅಂದಿನಿಂದ ಅವಳಿಗೂ ಅವನಿಗೂ ಮಾತಿಲ್ಲ. ಅವನು ಮನೆಯ ಕಡೆ ತಲೆ ಹಾಕುವಂತಿಲ್ಲ. ಹೆಂಗಸರ ಬಟ್ಟೆ ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ನನಗೂ ಒಂದು ಶರ್ಟು ಹೊಲಿದುಕೊಡೇ ಎಂದು ಗಂಡ ಎಷ್ಟು ಗೋಗರೆದರೂ, "ಗಂಡಸರ ಬಟ್ಟೆ ನನಗೆ ಬರಲ್ಲ ರೀ" ಎಂದು ಬಿಡುತ್ತಿದ್ದಳು. ಮೂಲೆಯಲ್ಲಿ ಕೆಂಪು ಕತ್ತರಿಯ ಚಿತ್ರವಿದ್ದ ಅವಳ ಅಳತೆ ಚೀಟಿಗಳನ್ನು ಅವನು ಮುಟ್ಟುವಂತೆಯೂ ಇರಲಿಲ್ಲ. ಕಲೆಸಿಬಿಡುತ್ತೀರಿ ಎಂದು ಬೀಗ ಹಾಕಿಡುತ್ತಿದ್ದಳು.

ಮೆಕ್ಯಾನಿಕ್ ಇಂಟರ್‌ಕಾಮ್ ಒತ್ತಿದ.

"ಲೋ ತಕ್ಕಡಿ, ಗಾಬರಿ ಆಗ್ಬೇಡ. ಒಂದು ಹಗ್ಗ ಹರಿದಿದೆ. ಇನ್ನೊಂದೂ ಸವೆದಿದೆ. ಅಲ್ಲಾಡದೆ ನಿಂತ್ಕೋ."

ಹಸಿ ಸುಳ್ಳು. ಉಕ್ಕಿನ ಹಗ್ಗ ಒಟ್ಟು ಆರು ಇದ್ದವು, ಒಂದೊಂದೂ ಆನೆ ಎಳೆಯುವಂಥದು.

ತಕ್ಕಡಿ ಗೋಡೆ ಹಿಡಿದುಕೊಂಡ. "ಎಷ್ಟು ಹೊತ್ತು ತಡೆಯುತ್ತೆ?"

"ಹೇಳೋಕಾಗಲ್ಲ ಕಣೋ. ಮನಸ್ಸಲ್ಲಿ ಏನಾದ್ರೂ ಇದ್ರೆ ಈಗಲೇ ಹೇಳ್ಬಿಡು." ಮೆಕ್ಯಾನಿಕ್ ಬಾಯಿಗೆ ಕರವಸ್ತ್ರ ತುರುಕಿಕೊಂಡು ನಕ್ಕ.

ತಕ್ಕಡಿ ಮೆಲ್ಲಗೆ ನೆಲಕ್ಕೆ ಕುಸಿದ. "ಹಾಗಾದ್ರೆ ಕೇಳು. ಇದನ್ನ ಹೊಟ್ಟೇಲಿಟ್ಕೊಂಡು ಸಾಯೋಕಾಗಲ್ಲ. ನಾನೂ ನಿನ್ನ ಹೆಂಡತೀನೂ... ಮೂರು ವರ್ಷ ಆಯ್ತು. ಆ ಜಗಳ ಎಲ್ಲ ನಿನಗೆ ತೋರಿಸೋಕೆ."

ಮೆಕ್ಯಾನಿಕ್ ಬಾಯಿಂದ ಕರವಸ್ತ್ರ ಕಿತ್ತು ಎಸೆದ. ಇಪ್ಪತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡವನು. ಅಮ್ಮ ಸತ್ತಾಗ ಹೆಗಲು ಕೊಟ್ಟವನು, ಅದೂ ಆ ಇಳಿದ ಹೆಗಲನ್ನೇ. ಮೆಕ್ಯಾನಿಕ್ ಪೆಟ್ಟಿಗೆಯಿಂದ ಎದ್ದ. ಲಿಫ್ಟಿನ ದೀಪ, ಫ್ಯಾನು ಎರಡನ್ನೂ ಆರಿಸಿದ. "ಬಿದ್ದಿರು ಅಲ್ಲೇ, ಪಾಪಿ" ಎಂದ. ಹತ್ತು ನಿಮಿಷ ಹಾಗೇ ಕತ್ತಲಲ್ಲಿಟ್ಟ. ಹಗ್ಗ ನಿಜವಾಗಿಯೂ ಹರಿಯಬಾರದೇ ಎಂದು ಒಂದು ಗಳಿಗೆ ಅನಿಸಿದ್ದೂ ಹೌದು.

ಇಂಟರ್‌ಕಾಮಿನಲ್ಲಿ ನಗು ಕೇಳಿಸಿತು.

"ದೀಪ ಹಾಕೋ ಲೋ. ದೀಪದ ಪಕ್ಕ ಇಟ್ಟಿರೋ ಕ್ಯಾಮೆರಾಕ್ಕೆ ನನ್ನ ಮುಖ ಕಾಣ್ಬೇಡ್ವಾ?"

ದೀಪ ಬಂತು. ತಕ್ಕಡಿ ಕ್ಯಾಮೆರಾದ ಕಡೆ ನೋಡಿ ಕಣ್ಣು ಹೊಡೆದ. ಜೇಬಿನಿಂದ ಮಡಿಸಿದ ಕಾಗದ ತೆಗೆದು ಆಡಿಸಿದ. ಆಡಬೇಕಾದ ಮಾತನ್ನೆಲ್ಲ ಬರೆದುಕೊಂಡೇ ಬಂದಿದ್ದನಂತೆ.

ಮೆಕ್ಯಾನಿಕ್ ಲಿಫ್ಟನ್ನು ಒಂಬತ್ತನೇ ಮಹಡಿಗೆ ಏರಿಸಿ, ಮೆಟ್ಟಿಲಿಳಿದು ಓಡಿ ಬಂದು ಬಾಗಿಲು ತೆರೆದ.

"ನನಗೇ ಟೋಪಿ ಹಾಕೋಕೆ ಹೊರಟಿದ್ಯಲ್ಲೋ. ಎರಡು ದಿನದಿಂದ ಉರು ಹೊಡೆದಿದೀನಿ" ಎಂದ ತಕ್ಕಡಿ.

"ನಿನಗೆ ಹೇಗೆ ಗೊತ್ತಾಯ್ತು?"

"ನಾನು ಪ್ಲಂಬರ್ ಕಣೋ. ಎಲ್ಲಿ ಸೋರುತ್ತೆ ಅಂತ ನನಗೆ ಗೊತ್ತಾಗದೆ ಇರುತ್ತಾ?"

ಮೆಕ್ಯಾನಿಕ್ ಅವನನ್ನು ತಬ್ಬಿಕೊಂಡು ಅತ್ತೇಬಿಟ್ಟ. "ತಪ್ಪಾಯ್ತು ಕಣೋ. ನಿನ್ನಂಥವನ ಮೇಲೆ ಅನುಮಾನಪಟ್ಟೆ."

"ಅತ್ತಿಗೆಗೆ ನನ್ನ ಕಂಡ್ರೆ ಆಗಲ್ಲ ಅಂತ ಗೊತ್ತಿದ್ದೂ ನಂಬಿದ್ಯಲ್ಲ, ಎಂಥ ಬೆಪ್ಪು ನೀನು." ತಕ್ಕಡಿ ಕಾಗದವನ್ನು ಅವನ ಜೇಬಿಗೆ ತುರುಕಿ ಬೆನ್ನು ತಟ್ಟಿದ. "ಇಟ್ಕೋ. ಸಿನಿಮಾದ ಕೊನೇಲಿ ಇದನ್ನೂ ತೋರಿಸು." ಚೀಲ ಏರಿಸಿಕೊಂಡು ಕೆಲಸಕ್ಕೆ ಹೋದ.

ಮೋಟಾರು ಕೋಣೆಗೆ ಮರಳಿ ಮೆಕ್ಯಾನಿಕ್ ಹೆಂಡತಿಗೆ ಫೋನು ಮಾಡಿದ. ನಡೆದದ್ದನ್ನೆಲ್ಲ ಹೇಳಿ, "ನೀನೇನಾದ್ರೂ ಅವನ ಕಿವಿಗೆ ಹಾಕಿದ್ಯಾ?" ಎಂದು ಕೇಳಿದ.

"ನಾನಾ? ಆ ಮನುಷ್ಯನ ಮುಖ ನೋಡಿ ಮೂರು ವರ್ಷ ಆಯ್ತಲ್ರೀ. ಈಗ ಎದುರಿಗೆ ಬಂದ್ರೂ ನನಗೆ ಗುರುತು ಸಿಗಲ್ಲ."

"ಸಾಕು ಬಿಡೇ ಆ ಸಿಟ್ಟು. ಸಂಜೆ ಅವನನ್ನ ಊಟಕ್ಕೆ ಕರೀತೀನಿ."

"ನಿಮ್ಮ ಸಮಾಧಾನಕ್ಕೆ ಕರೀರಿ" ಎಂದಳು ಅವಳು. ಹಿಂದಿನಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು.

ಎಂಥ ಹೆಂಡತಿ, ಎಂಥ ಗೆಳೆಯ. ಮೆಕ್ಯಾನಿಕ್‌ನ ಎದೆ ಹಗುರಾಯಿತು. ಕೊನೆಯ ದೃಶ್ಯ ತೆಗೆಯಲು ಕಾಗದ ಬಿಡಿಸಿ ಪೆಟ್ಟಿಗೆಯ ಮೇಲೆ ಹರಡಿದ. ತಕ್ಕಡಿಯ ಕಾಗೆಕಾಲಿನ ಬರಹ: ನಾನೂ ನಿನ್ನ ಹೆಂಡತೀನೂ, ಮೂರು ವರ್ಷ ಆಯ್ತು. ಓದಿ ಮತ್ತೆ ನಗು ಬಂತು. ಅಷ್ಟರಲ್ಲಿ ಯಾರೋ ಕೆಳಗೆ ಲಿಫ್ಟು ಕರೆದರು. ಮೋಟಾರು ತಿರುಗಿತು. ಅದರ ಗಾಳಿಗೆ ಕಾಗದ ಮಗುಚಿಕೊಂಡಿತು.

ಮೂಲೆಯಲ್ಲಿ ಕೆಂಪು ಕತ್ತರಿ. ಅದರ ಕೆಳಗೆ ಹೆಂಡತಿಯ ದುಂಡು ಅಕ್ಷರ: "ನೀಲಿ ಶರ್ಟು. ಬಲ ಹೆಗಲು ಒಂದೂವರೆ ಇಂಚು ಇಳಿಸಬೇಕು."