ಅವಳ ಕೆಲಸಕ್ಕೆ ಬಂದವರು

“ಜಾಹೀರಾತು ನೋಡಿ ಒಬ್ಬರು ಬಂದುಬಿಟ್ಟಿದ್ದಾರೆ,” ಎಂದಳು ಮ್ಯಾನೇಜರ್, ಎಂಜಿನಿಯರ್ ಒಬ್ಬಳ ಮೇಜಿನ ಪಕ್ಕ ಬಗ್ಗಿ, ದನಿ ತಗ್ಗಿಸಿ. “ಯಾರೂ ಬರಲ್ಲ ಅಂದ್ಕೊಂಡಿದ್ದೆ.”

ಅವಳು ಕೀಬೋರ್ಡಿನಿಂದ ಕೈ ತೆಗೆದಳು. ಜಾಹೀರಾತು ಅವಳದೇ ಕೆಲಸದ್ದು. ಅವಳು ಹೊರದೇಶದವಳು. ಈಗಿನ ವೀಸಾ ಮುಗಿಯುತ್ತ ಬಂದಿತ್ತು. ಮುಂದಿನ ವೀಸಾದ ಜವಾಬ್ದಾರಿಯನ್ನು ಕಂಪನಿ ಹೊರಬೇಕಾದರೆ, ಆ ಕೆಲಸಕ್ಕೆ ಈ ದೇಶದವರು ಯಾರೂ ಸಿಗಲಿಲ್ಲವೆಂದು ಮೊದಲು ತೋರಿಸಬೇಕು. ಇಲ್ಲಿನ ಕಾನೂನು ಹಾಗೆ. ಅವಳು ನೋಡಿಕೊಳ್ಳುತ್ತಿದ್ದದ್ದು ಆಸ್ಪತ್ರೆಗಳಿಗೆ ಔಷಧಿ ಕಳಿಸುವ ಹಳೇ ಸಾಫ್ಟ್‌ವೇರ್, ಬಲ್ಲವರೇ ಅಪರೂಪ. ಯಾರೂ ಬರುವುದಿಲ್ಲ, ನಿಶ್ಚಿಂತೆಯಾಗಿರು ಎಂದು ಎಲ್ಲರೂ ಧೈರ್ಯ ಹೇಳಿದ್ದರು. ಇದಕ್ಕೂ ಮೊದಲು ಎಷ್ಟೋ ಕಂಪನಿಗಳು ಅವಳ ಕೆಲಸವನ್ನು ಬಾಯ್ತುಂಬ ಹೊಗಳಿ, ವೀಸಾದ ಮಾತು ಬಂದ ಕೂಡಲೇ ಕೈ ತೊಳೆದುಕೊಂಡಿದ್ದವು. ಒಪ್ಪಿಕೊಂಡದ್ದು ಇದೊಂದೇ.

“ನೀನೂ ಒಳಗೆ ಬಾ. ಆ ಸಾಫ್ಟ್‌ವೇರ್ ತಲೆಬುಡ ನನಗೆ ಗೊತ್ತಿಲ್ಲ. ಕಷ್ಟದ್ದೊಂದು ಪ್ರಶ್ನೆ ಕೇಳು. ಉತ್ತರ ಬರ್ಲಿಲ್ಲ ಅಂದ್ರೆ ನಮ್ಮ ದಾರಿ ಸಲೀಸು,” ಎಂದು ಮ್ಯಾನೇಜರ್ ಅವಳ ಭುಜ ತಟ್ಟಿದಳು.

ಗಾಜಿನ ಕೋಣೆಯಲ್ಲಿ ಕುಳಿತಿದ್ದವರಿಗೆ ಐವತ್ತು ದಾಟಿತ್ತು. ಅಂಗಿ ನೀಟಾಗಿ ಇಸ್ತ್ರಿಯಾಗಿತ್ತು. ಮೈ ಇಳಿದುಹೋಗಿ ಕೊರಳಪಟ್ಟಿ ಮಾತ್ರ ಸಡಿಲವಾಗಿತ್ತು. ಇವಳು ಒಳಗೆ ಕಾಲಿಟ್ಟದ್ದೇ ಎದ್ದು ನಿಂತರು.

“ಕೂತ್ಕೊಳ್ಳಿ ಸರ್,” ಎಂದಳು.

“ನಮ್ಮ ಕಂಪನಿ ಮುಚ್ಚಿ ವರ್ಷದ ಮೇಲಾಯ್ತಮ್ಮ. ಹೋದ ಕಡೆಯೆಲ್ಲ ‘ನೀವು ಕಲ್ತಿರೋದು ಹಳೇದಾಯ್ತು’ ಅಂತಾರೆ. ನಿಮಗೇ ವಯಸ್ಸಾಯ್ತು ಅನ್ನೋಕೆ ಸಂಕೋಚ, ಪಾಪ,” ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು.

ಅವಳು ಪ್ರಶ್ನೆ ಕೇಳಿದಳು. ತನ್ನನ್ನು ವಾರಗಟ್ಟಲೆ ಗೋಳು ಹೊಯ್ದುಕೊಂಡಿದ್ದ ಪ್ರಶ್ನೆಯನ್ನೇ ಕೇಳಿದಳು. “ಆಸ್ಪತ್ರೆಯವರು ಒಂದು ಔಷಧಿ ಬೇಕು ಅಂತಾರೆ, ಕೂಡಲೇ ಬೇಡ ಅಂತ ರದ್ದು ಮಾಡ್ತಾರೆ. ಆದ್ರೂ ಕೆಲವು ಸಲ ಆ ಔಷಧಿ ಹೋಗಿಬಿಡುತ್ತೆ. ಯಾಕೆ?”

ಅವರು ಬಾಯಿ ತೆರೆದರು. ಎರಡೂ ಅಂಗೈಗಳನ್ನು ತೊಡೆಗೆ ಒರೆಸಿಕೊಂಡರು. “ಇದು ನನಗೆ ಗೊತ್ತು... ಒಂದ್ನಿಮಿಷ... ಗೊತ್ತು ಇದು.” ಕಿವಿಯ ತುದಿ ಕೆಂಪಾಯಿತು. ಮ್ಯಾನೇಜರ್ ಮೆಲ್ಲಗೆ ಪೆನ್ನಿನ ಕ್ಯಾಪು ಹಾಕಿದಳು.

ಇನ್ನು ಅವಳು ಮಾಡಬೇಕಾದ್ದೇನೂ ಇರಲಿಲ್ಲ. ಬಾಯಿ ಮುಚ್ಚಿಕೊಂಡು ಕೂತರೆ ಸಾಕಿತ್ತು. ಯಾರೂ ಅವಳನ್ನು ಬೆರಳು ಮಾಡಿ ತೋರಿಸುತ್ತಿರಲಿಲ್ಲ. ಆದರೆ ಅವರ ಅವಸ್ಥೆ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವರ ಮುಖ ಅಲ್ಲ ಅದು. ಗೊತ್ತಿದ್ದದ್ದೆಲ್ಲ ಗಂಟಲಲ್ಲಿ ಸಿಕ್ಕಿಕೊಂಡವರ ಮುಖ. ಅಂಥ ಕೋಣೆಗಳಲ್ಲಿ ಅವಳೂ ಹಾಗೆ ಕೂತೆದ್ದು ಬಂದಿದ್ದಳು.

“ಸರ್,” ಎಂದುಬಿಟ್ಟಳು, “ಬೇಕು ಅಂತ ಒಂದು ಸಂದೇಶ ಹೊರಡುತ್ತೆ, ಬೇಡ ಅಂತ ಒಂದು. ಮೊದಲು ಹೊರಟಿದ್ದೇ ಮೊದಲು ಬಂದು ಮುಟ್ಟಬೇಕು ಅಂತ ಏನಿದೆ?”

ಅವರು ತಲೆ ಎತ್ತಿದರು. ಎದ್ದು ಬೋರ್ಡಿನ ಹತ್ತಿರ ಹೋದರು. ಆಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಬೇಡ ಎಂಬುದು ಮೊದಲು ಬಂದರೆ ಏನಾಗುತ್ತದೆ, ತಪ್ಪು ಎಲ್ಲಿ ನುಸುಳುತ್ತದೆ, ಅದನ್ನು ಸರಿಮಾಡುವುದು ಹೇಗೆ, ಎಲ್ಲವನ್ನೂ ಬಿಡಿಸಿಟ್ಟರು. ಸರಿಮಾಡುವ ಆ ದಾರಿ ಅವಳಿಗೂ ಹೊಳೆದಿರಲಿಲ್ಲ.

ಮ್ಯಾನೇಜರ್ ಅವಳತ್ತ ನೋಡಿದಳು.

“ಸರಿಯಾಗಿದೆ,” ಎಂದಳು ಅವಳು.

ಅವರು ಹೋದ ಮೇಲೆ ಮ್ಯಾನೇಜರ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. “ಯೋಗ್ಯರು ಸಿಕ್ಕಮೇಲೆ ಸಿಗಲಿಲ್ಲ ಅಂತ ಬರೆಯೋಕೆ ನನ್ನ ಕೈಲಾಗಲ್ಲ. ಸುಮ್ನೆ ಇರ್ಬಾರದಿತ್ತಾ?”

“ಸುಮ್ನೆ ಇರ್ಬೇಕು ಅಂತಾನೇ ಬಂದಿದ್ದೆ ಮೇಡಂ. ಆಗ್ಲಿಲ್ಲ.”

ಮನೆಯಲ್ಲಿ ಗಂಡ ಒಗೆದ ಬಟ್ಟೆ ಮಡಿಸುತ್ತಿದ್ದ. ಅವಳ ವೀಸಾದ ಮೇಲೆಯೇ ಅವನೂ ಇಲ್ಲಿದ್ದ. ಎಲ್ಲವನ್ನೂ ಕೇಳಿಸಿಕೊಂಡ.

“ಈಗ?”

“ಬೇರೆ ಕಂಪನಿ ನೋಡ್ಬೇಕು. ವೀಸಾ ಮುಗಿಯೋದ್ರೊಳಗೆ ಸಿಕ್ಕರೆ ಇರೋದು, ಇಲ್ದಿದ್ರೆ ಹೊರಡೋದು.”

“ನೀನು ಇಂಟರ್‌ವ್ಯೂಗೆ ಹೋದಾಗ ಯಾರಾದ್ರೂ ಹಾಗೆ ಹೇಳಿಕೊಟ್ಟಿದ್ರಾ?”

“ಇಲ್ಲ.”

ಅವನು ಮಡಿಸಿಟ್ಟ ಅಂಗಿಯನ್ನೇ ಬಿಚ್ಚಿ ಇನ್ನೊಮ್ಮೆ ಮಡಿಸಿದ.

ಆ ಹಿರಿಯರು ಕೆಲಸಕ್ಕೆ ಸೇರಿದರು. ಅವಳ ವೀಸಾದ ಅವಧಿ ಮುಗಿಯುವವರೆಗೆ ಅವರಿಗೆ ಕೆಲಸ ಒಪ್ಪಿಸುವುದು ಅವಳ ಪಾಲಿಗೆ ಬಂತು. ನಾಲ್ಕಾರು ದಿನ ಚೆನ್ನಾಗಿಯೇ ಸಾಗಿತು. ಅವರು ಬೇಗ ಹಿಡಿಯುತ್ತಿದ್ದರು, ನಗಿಸುತ್ತಲೂ ಇದ್ದರು. ಒಂದು ದಿನ ಊಟಕ್ಕೆ ಹೋದವರು ಅರ್ಧಕ್ಕೇ ಎದ್ದು ಬಂದು ಅವಳ ಮೇಜಿನ ಮುಂದೆ ನಿಂತರು. ಕ್ಯಾಂಟೀನಿನಲ್ಲಿ ಯಾರೋ ಅವಳ ವೀಸಾದ ವಿಷಯ ಹೇಳಿದ್ದರು.

“ನೀವಾಗೇ ಬೇರೆ ಕಡೆ ಹೋಗ್ತಿದ್ದೀರಿ ಅಂದ್ಕೊಂಡಿದ್ದೆನಮ್ಮ.”

“ಹುಡುಕ್ತಾ ಇದ್ದೀನಿ ಸರ್.”

“ಅವತ್ತು ನೀವು ಆ ಮಾತು ಹೇಳದೇ ಇದ್ದಿದ್ರೆ...”

“ಇನ್ನೂ ತೋರಿಸೋದು ಬಹಳ ಇದೆ. ಬನ್ನಿ ಸರ್, ಕೂತ್ಕೊಳ್ಳಿ.” ಅವಳು ಎದ್ದು ತನ್ನ ಕುರ್ಚಿಯನ್ನು ಅವರ ಕಡೆ ತಳ್ಳಿದಳು.

ಅವರು ಕೂರಲಿಲ್ಲ, ಅದನ್ನು ಮೆಲ್ಲಗೆ ಅವಳ ಕಡೆಗೇ ಸರಿಸಿದರು. ಅವಳೂ ಕೂರಲಿಲ್ಲ. ಆ ಮಧ್ಯಾಹ್ನವೆಲ್ಲ ಇಬ್ಬರೂ ಕಂಪ್ಯೂಟರಿನ ಮುಂದೆ ನಿಂತುಕೊಂಡೇ ಕೆಲಸ ಮಾಡಿದರು, ನಡುವೆ ಖಾಲಿ ಕುರ್ಚಿ.