ಕಣ್ಣಾಸ್ಪತ್ರೆಯ ಫೋನ್

‘‘ಅಮ್ಮಾವ್ರಿಗೆ ಕೊಡಿ ಸರ್, ಒಂದೇ ಮಾತು.’’

‘‘ಸ್ನಾನಕ್ಕೆ ಹೋಗಿದ್ದಾಳೆ ಮೇಡಂ.’’

‘‘ನಿನ್ನೆ ಮಲಗಿದ್ರು. ಮೊನ್ನೆ ಅಂಗಡಿಗೆ ಹೋಗಿದ್ರು. ಕಣ್ಣಿಗೆ ಡ್ರಾಪ್ಸ್ ಹಾಕ್ತಿದ್ದೀರಾ ಇಲ್ವಾ? ನಾಳೆ ಮಾತ್ರ ಅವರ ದನಿ ಕೇಳಿಸ್ಲೇಬೇಕು ನೀವು.’’

ಕಂಡಕ್ಟರ್ ಹೂಂಗುಟ್ಟಿ ಫೋನ್ ಇಟ್ಟ. ಬೆವರು ಒರೆಸಿಕೊಂಡ.

ನಿವೃತ್ತನಾದರೂ ಓಣಿಯವರಿಗೆಲ್ಲ ಅವನು ಕಂಡಕ್ಟರೇ. ಟಿಕೆಟ್ ತೆಗೆಯದವನನ್ನು ಮುಖ ನೋಡಿಯೇ ಹಿಡಿಯುತ್ತಿದ್ದ ಭೂಪ. ಈಗ ದಿನ ಬೆಳಗಾದರೆ ತಾನೇ ಹಸಿ ಸುಳ್ಳು ಹೇಳುತ್ತಿದ್ದ. ಹೆಂಡತಿ ಸತ್ತು ತಿಂಗಳುಗಳೇ ಆಗಿದ್ದವು.

ರಾಷ್ಟ್ರೀಯ ಕಣ್ಣಾಸ್ಪತ್ರೆಯಲ್ಲಿ ಅವಳ ಕಣ್ಣಿನ ಪೊರೆ ತೆಗೆದಿದ್ದರು. ಪಟ್ಟಿ ಬಿಚ್ಚಿದ ದಿನ ಗಂಡನನ್ನು ನೋಡಿ, ‘‘ಅಯ್ಯೋ, ಯಾರೀ ಮುದುಕ?’’ ಎಂದು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ಆಪರೇಷನ್ ಆದವರನ್ನು ವಿಚಾರಿಸಿಕೊಳ್ಳಲು ಆಸ್ಪತ್ರೆಯ ಮೇಡಂ ಫೋನ್ ಮಾಡುತ್ತಿದ್ದರು. ಕಣ್ಣಿನ ಮಾತು ಎರಡು ನಿಮಿಷ. ಆಮೇಲೆ ಅವಳೂ ಮೇಡಮ್ಮೂ ಸೇರಿ ಊರ ಸುದ್ದಿಯನ್ನೆಲ್ಲ ಜಾಲಾಡುತ್ತಿದ್ದರು. ಡ್ರಾಪ್ಸ್ ಮುಗಿಯುವ ಮೊದಲೇ ಅವಳ ಹೃದಯ ನಿಂತುಹೋಯಿತು.

ಎಲ್ಲ ಮುಗಿಸಿ ಬಂದ ಮರುದಿನವೂ ಫೋನ್ ಬಂತು. ‘‘ಅಮ್ಮಾವ್ರು ಹೇಗಿದ್ದಾರೆ?’’ ಇನ್ನು ಲೋಕದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ‘‘ಚೆನ್ನಾಗಿದ್ದಾಳೆ’’ ಎಂದುಬಿಟ್ಟ. ಆ ಮಾತು ಮುಗಿಯುವವರೆಗೆ ಅವಳು ಒಳಗೆಲ್ಲೋ ಇದ್ದಾಳೆ ಅನ್ನಿಸಿತು.

ಮೊದಮೊದಲು ಮೇಡಂ ದನಿಯ ಹಿಂದೆ ಟೋಕನ್ ಕೂಗುವ ಸದ್ದು ಕೇಳುತ್ತಿತ್ತು. ಈಚೆಗೆ ಫ್ಯಾನಿನ ಸದ್ದು ಮಾತ್ರ. ಪ್ರಮೋಷನ್ ಆಗಿ ಬೇರೆ ರೂಮು ಸಿಕ್ಕಿರಬೇಕು ಎಂದುಕೊಂಡಿದ್ದ. ಒಮ್ಮೆ ಅಲ್ಲಿಗೇ ಬರುತ್ತೇನೆ ಎಂದಾಗ, ‘‘ಬೇಡ ಸರ್, ಬಸ್ಸಲ್ಲಿ ಯಾಕೆ ಒದ್ದಾಡ್ತೀರಿ? ಫೋನೇ ಸಾಕು’’ ಎಂದಿದ್ದರು. ಎಂಥ ಒಳ್ಳೆಯ ಹೆಂಗಸು! ಅಂಥವರಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದುಕೊಳ್ಳುತ್ತಿದ್ದ.

ನಿಜ ಹೇಳಿದರೆ ಫೋನ್ ನಿಲ್ಲುತ್ತದೆ. ಮನೆಯಲ್ಲಿ ಮಾತಿನ ಸೊಲ್ಲೇ ಅಡಗಿಹೋಗುತ್ತದೆ. ಹೇಳದಿದ್ದರೆ ನಾಳೆ ಸಿಕ್ಕಿಬೀಳುವುದು ಖಂಡಿತ. ಎದುರಿಗೇ ನಿಂತು ಕ್ಷಮೆ ಕೇಳೋಣವೆಂದು ಬೆಳಿಗ್ಗೆಯೇ ಬಸ್ ಹತ್ತಿದ.

ಆಸ್ಪತ್ರೆ ಒಂದು ಊರಿನಷ್ಟಿತ್ತು. ಮಕ್ಕಳ ಕಣ್ಣಿಗೊಂದು ಮಹಡಿ, ನೇತ್ರದಾನಕ್ಕೊಂದು, ಪೊರೆಗೇ ಎರಡು. ಡ್ರಾಪ್ಸ್ ಹಾಕಿಸಿಕೊಂಡವರು ಸಾಲಾಗಿ ಕಣ್ಣು ಮುಚ್ಚಿ ಕೂತಿದ್ದರು. ಪ್ರತಿಯೊಬ್ಬರ ಪಕ್ಕದಲ್ಲೂ ಕೈ ಹಿಡಿದುಕೊಂಡವರೊಬ್ಬರು. ಕಂಡಕ್ಟರ್ ಮುಖ ತಿರುಗಿಸಿಕೊಂಡು ನಡೆದ.

‘‘ಫೋನ್ ರೂಮಾ?’’ ಎಂದು ಕಾವಲುಗಾರ ಒಂದು ಬಾಗಿಲು ತಳ್ಳಿದ. ಒಳಗೆ ಮುರಿದ ಕುರ್ಚಿಗಳ ರಾಶಿ, ವೈರು ಕಿತ್ತ ಗೋಡೆ. ‘‘ಇದನ್ನ ಮುಚ್ಚಿ ಎಷ್ಟೋ ದಿನ ಆಯ್ತು ಯಜಮಾನ್ರೇ. ಈಗೆಲ್ಲ ಮೊಬೈಲಿಗೆ ಮೆಸೇಜು. ಇಲ್ಲಿಂದ ಫೋನ್ ಮಾಡ್ತಿದ್ದ ಮೇಡಂ ಆವಾಗ್ಲೇ ರಿಟೈರ್ ಆಗಿ ಮನೆಗೆ ಹೋದ್ರು. ಪಾಪ, ಹಿಂದೆ ಮುಂದೆ ಯಾರೂ ಇಲ್ಲ ಅವರಿಗೆ.’’

ಅಷ್ಟರಲ್ಲಿ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

‘‘ಕಣ್ಣಾಸ್ಪತ್ರೆಯಿಂದ ಸರ್. ತಡ ಆಯ್ತು, ಬೇಜಾರು ಮಾಡ್ಕೋಬೇಡಿ. ಇವತ್ತು ನಮ್ಮ ಫೋನ್ ರೂಮಲ್ಲಿ ಜನವೋ ಜನ, ಕಾಲಿಡೋಕೂ ಜಾಗ ಇಲ್ಲ.’’

ಕಂಡಕ್ಟರ್ ಆ ಖಾಲಿ ರೂಮಿನ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡ. ‘‘ಪರವಾಗಿಲ್ಲ, ನೀವು ಕೆಲಸ ನೋಡ್ಕೊಳ್ಳಿ ಮೇಡಂ,’’ ಎಂದ, ‘‘ನಾಳೆನೂ ಮಾಡ್ತೀರಲ್ಲ?’’